ಕೊನೇ ಮಾತು ಯಾರದ್ದು? ಸಾರ್ವಭೌಮತ್ವದ ಆನ್‌ಲೈನ್ ಕೋರ್ಸ್: ಮೊದಲರ್ಧ ಫಸ್ಟ್ ಕ್ಲಾಸ್, ಎರಡನೇ ಅರ್ಧ ಬರೀ ನೋಟ್ಸು

ರಾಜರು, ರಾಷ್ಟ್ರಗಳು, ಸಾರ್ವಭೌಮತ್ವ, ಈ ವಿಷಯದ ಮೇಲೆ ಒಂದು ಆನ್‌ಲೈನ್ ಕೋರ್ಸ್ ಮುಗಿಸಿದೆ. ರೆಕಾರ್ಡ್ ಮಾಡಿರೋ ವಿಡಿಯೋ ಪಾಠಗಳು, ಓದೋಕೆ ಪಿಡಿಎಫ್, ಪ್ರತಿ ಭಾಗದ ಕೊನೇಲಿ ಕ್ವಿಜ್, ಎಲ್ಲಾ ಮುಗಿದ್ಮೇಲೆ ಹೆಸರು ಹಾಕಿರೋ ಒಂದು ಸರ್ಟಿಫಿಕೇಟ್. ಯಾವ ಪ್ಲಾಟ್‌ಫಾರ್ಮ್ ಅಂತ ಹೇಳಲ್ಲ, ಹೊಗಳಿಕೆ ಜೊತೆ ಬೈಗುಳಾನೂ ಇದೆ ಅದಕ್ಕೆ, ಮತ್ತೆ ಇದೇ ಥರದ ಕೋರ್ಸ್‌ಗಳು ಈಗ ಸುಮಾರು ಕಡೆ ಸಿಗ್ತವೆ, ನಾನು ಹೇಳೋದು ಅವಕ್ಕೂ ಒಪ್ಪತ್ತೆ. ಐದಕ್ಕೆ ಮೂರೂವರೆ ಸ್ಟಾರ್. ರಾಜರ ಭಾಗಕ್ಕೆ ಮಾತ್ರ ಕೊಡಿ ಅಂದಿದ್ರೆ ಕಣ್ಮುಚ್ಚಿ ಐದು ಕೊಡ್ತಿದ್ದೆ.

ಶುರು ಸ್ವಲ್ಪ ಸಪ್ಪೆ. ಮೊದಲ ವಿಡಿಯೋದಲ್ಲಿ ಫ್ರೆಂಚ್ ಚಿಂತಕ ಝಾನ್ ಬೊದಾನ್ ಬರ್ತಾನೆ, 1576ರಲ್ಲಿ ಫ್ರಾನ್ಸ್ ಧರ್ಮಯುದ್ಧಗಳಲ್ಲಿ ಹೊತ್ತಿ ಉರೀತಿದ್ದಾಗ ಪುಸ್ತಕ ಬರೆದು, ಒಂದು ರಾಜ್ಯ ಅಂದ್ಮೇಲೆ ಎಲ್ಲಾದ್ರೂ ಒಂದು ಕಡೆ ಕೊನೇ ಅಧಿಕಾರ ಅಂತ ಇರ್ಲೇಬೇಕು, ಅದು ಶಾಶ್ವತ, ಅದನ್ನ ಹಂಚೋಕಾಗಲ್ಲ ಅಂದವನು. ಆಮೇಲೆ 1651ರಲ್ಲಿ ಇಂಥದ್ದೇ ಸರ್ವೋಚ್ಚ ಅಧಿಕಾರದ ಪರ ಪುಸ್ತಕ ಬರೆದ ಇಂಗ್ಲೆಂಡಿನ ಹಾಬ್ಸ್. ಇಬ್ರನ್ನೂ ಸ್ಲೈಡ್ ಮೇಲೆ ಹಾಕಿ ಓದಿದ್ದಾರೆ ಅಷ್ಟೇ. ಒಂದು ವಿಷಯ ಮಾತ್ರ ಚೆನ್ನಾಗಿ ಎತ್ತಿ ತೋರ್ಸಿದ್ದಾರೆ, ಅಷ್ಟೆಲ್ಲಾ ಅಧಿಕಾರ ಕೊಟ್ಟ ಬೊದಾನ್ ಕೂಡ ರಾಜನಿಗೆ ಬೇಲಿ ಹಾಕಿದ್ದ. ದೇವರ ಕಾನೂನು, ನಿಸರ್ಗದ ಕಾನೂನು ಮೀರೋ ಹಾಗಿಲ್ಲ, ಮಾಡ್ಕೊಂಡ ಒಪ್ಪಂದ ಮುರಿಯೋ ಹಾಗಿಲ್ಲ, ಉತ್ತರಾಧಿಕಾರದ ನಿಯಮ ಬದಲಾಯಿಸೋ ಹಾಗಿಲ್ಲ, ರಾಜ್ಯದ ಆಸ್ತಿ ತನ್ನ ಸ್ವಂತದ್ದು ಅಂತ ಮಾರೋ ಹಾಗಿಲ್ಲ. ಅಂದ್ರೆ ಸರ್ವಾಧಿಕಾರಿ ರಾಜ ಅಂತ ನಾವು ತಲೇಲಿಟ್ಕೊಂಡಿರೋ ಚಿತ್ರ, ಆ ಐಡಿಯಾ ಹುಟ್ಟಿಸಿದವನ ತಲೇಲೇ ಇರ್ಲಿಲ್ಲ.

ಕೋರ್ಸ್‌ಗೆ ಜೀವ ಬರೋದು ಪಾರ್ಲಿಮೆಂಟ್ ಜೊತೆಗಿನ ಯುದ್ಧದಲ್ಲಿ ಸೋತ ಇಂಗ್ಲೆಂಡಿನ ರಾಜ ಒಂದನೇ ಚಾರ್ಲ್ಸ್ ವಿಚಾರಣೆ ಪಾಠದಲ್ಲಿ. ಇದೊಂದು ಪಾಠಕ್ಕೋಸ್ಕರ ಕೋರ್ಸ್ ತಗೋಬಹುದು, ನಿಜವಾಗ್ಲೂ. 1649ರ ಜನವರಿ 20, ವೆಸ್ಟ್‌ಮಿನ್‌ಸ್ಟರ್ ಹಾಲ್. ರಾಜ ತಲೆ ಮೇಲಿನ ಹ್ಯಾಟ್ ತೆಗೆಯಲ್ಲ, ತೆಗೆದ್ರೆ ಈ ಕೋರ್ಟನ್ನ ಒಪ್ಪಿದ ಹಾಗಾಗತ್ತೆ ಅಂತ. ಎದುರಿಗೆ ಕೂತಿರೋ ಮುಖ್ಯ ನ್ಯಾಯಾಧೀಶ ಬ್ರಾಡ್‌ಶಾ ಕೂಡ ಹ್ಯಾಟ್ ಹಾಕಿದ್ದಾನೆ, ಅದರೊಳಗೆ ಉಕ್ಕಿನ ಪದರ ಇದೆ, ಯಾರಾದ್ರೂ ಗುಂಡು ಹೊಡೆದ್ರೆ ಅನ್ನೋ ಭಯಕ್ಕೆ. ಪ್ರಾಸಿಕ್ಯೂಟರ್ ಆರೋಪ ಓದೋಕೆ ಹೊರಟಾಗ ರಾಜ ಬೆತ್ತದಿಂದ ಅವನ ಭುಜ ತಟ್ಟಿ ತಡೆಯೋಕೆ ನೋಡ್ತಾನೆ, ಬೆತ್ತದ ಬೆಳ್ಳಿ ತುದಿ ಕಳಚಿ ನೆಲಕ್ಕೆ ಬೀಳತ್ತೆ. ಯಾರೂ ಬಗ್ಗಿ ಎತ್ತಲ್ಲ. ಕೊನೆಗೆ ರಾಜಾನೇ ಬಗ್ಗಿ ಎತ್ಕೋತಾನೆ. ಟೀಚರ್ ಇಲ್ಲಿ ವಿಡಿಯೋ ನಿಲ್ಸಿ, ಏನೂ ವಿವರಿಸದೆ, ಹಾಲ್‌ನ ಹಳೇ ಚಿತ್ರ ಒಂದನ್ನ ಸುಮ್ನೆ ತೋರಿಸ್ತಾರೆ. ಬೇರೆ ಯಾರಾದ್ರೂ ಆಗಿದ್ರೆ ಅದರ ಮೇಲೆ ಭಾಷಣ ಬಿಗೀತಿದ್ರು.

ಆಮೇಲೆ ನಿಜವಾದ ವಾದಕ್ಕೆ ಬರ್ತಾರೆ. ಚಾರ್ಲ್ಸ್ ತಪ್ಪು ಮಾಡಿಲ್ಲ ಅಂತ ವಾದ ಮಾಡ್ಲೇ ಇಲ್ಲ. ಯಾವ ಅಧಿಕಾರದ ಮೇಲೆ ನನ್ನನ್ನ ಇಲ್ಲಿ ಕರೆಸಿದ್ದೀರಿ, ಮೊದಲು ಅದನ್ನ ಹೇಳಿ ಅಂತ ಪಟ್ಟು ಹಿಡಿದ. ಅವನ ಲೆಕ್ಕ ಸರಳ, ಎಲ್ಲಾ ಕೋರ್ಟ್ ನಡೆಯೋದೂ ರಾಜನ ಹೆಸರಲ್ಲಿ, ರಾಜನನ್ನೇ ವಿಚಾರಣೆ ಮಾಡೋ ಕೋರ್ಟ್ ಯಾರ ಹೆಸರಲ್ಲಿ ನಡೀಬೇಕು? ಆ ಪ್ರಶ್ನೆಗೆ ಕಾನೂನು ಪುಸ್ತಕದಲ್ಲಿ ಉತ್ತರ ಇರ್ಲಿಲ್ಲ, ಅದಕ್ಕೇ ವಿಚಾರಣೆ ಶುರುವಾಗೋಕೆ ಮುಂಚೇನೇ, ಜನವರಿ 4ಕ್ಕೆ, ಪಾರ್ಲಿಮೆಂಟಿನ ಕಾಮನ್ಸ್ ಸಭೆ ಒಂದು ನಿರ್ಣಯ ಮಾಡ್ಕೊಂಡಿತ್ತು, ದೇವರ ಕೆಳಗೆ ಎಲ್ಲಾ ನ್ಯಾಯವಾದ ಅಧಿಕಾರದ ಮೂಲ ಜನ ಅಂತ. ಹೇಳೋದೇನೋ ಜನ, ಆದ್ರೆ ಆಗ ಆ ಸಭೇಲಿ ಇದ್ದವರು ಸೈನ್ಯ ತನಗೆ ಬೇಡದವರನ್ನ ಆಚೆ ಹಾಕಿದ್ಮೇಲೆ ಉಳಿದವರು ಮಾತ್ರ. ಜನವರಿ 30ಕ್ಕೆ ತಲೆ ಕಡಿದ್ರು. ಗಲ್ಲುಕಟ್ಟೆ ಮೇಲೆ ನಿಂತೂ ರಾಜ ಹೇಳಿದ್ದು ಅದೇ, ಪ್ರಜೆ ಬೇರೆ, ಸಾರ್ವಭೌಮ ಬೇರೆ, ಎರಡೂ ಒಂದಲ್ಲ.

ಇದರ ಬಾಲದಲ್ಲಿ ಒಂದು ಸಣ್ಣ ವಿಷಯ ಹೇಳ್ತಾರೆ, ಅದು ನನಗೆ ಇಡೀ ಕೋರ್ಸ್‌ನಲ್ಲಿ ತುಂಬಾ ಇಷ್ಟ ಆಯ್ತು. ಮಗ ಎರಡನೇ ಚಾರ್ಲ್ಸ್ ಸಿಂಹಾಸನಕ್ಕೆ ವಾಪಸ್ ಬಂದಿದ್ದು 1660ರಲ್ಲಿ, ಆದ್ರೆ ಆ ವರ್ಷದ ಕಾನೂನುಗಳ ಮೇಲೆ ಅವನ ಆಳ್ವಿಕೆಯ 12ನೇ ವರ್ಷ ಅಂತಾನೇ ಬರೆದಿದೆ. ಅಪ್ಪನ ತಲೆ ಬಿದ್ದ ದಿನದಿಂದ ಲೆಕ್ಕ. ನಡುವೆ ಗಣರಾಜ್ಯ ಇತ್ತು, ಅದನ್ನ ಆಳಿದ ಸೇನಾನಾಯಕ ಕ್ರಾಮ್‌ವೆಲ್ ಇದ್ದ, ದೇಶ ನಡೆದಿತ್ತು, ತೆರಿಗೆ ಕಟ್ಟಿದ್ರು, ಯುದ್ಧ ಮಾಡಿದ್ರು, ಕಾಗದದ ಮೇಲೆ ಮಾತ್ರ ಅದೇನೂ ಆಗ್ಲೇ ಇಲ್ಲ. ಗೆದ್ದವರಿಗೆ ಕ್ಯಾಲೆಂಡರ್ ಕೂಡ ಬಗ್ಗತ್ತೆ ನೋಡಿ.

ಮುಂದಿನ ಪಾಠ ಎರಡನೇ ಜೇಮ್ಸ್‌ದು, ಇದೂ ಮಸ್ತಾಗಿದೆ ಆದ್ರೆ ಬೇಗ ಮುಗಿಸ್ಬಿಟ್ಟಿದ್ದಾರೆ. 1688ರ ಡಿಸೆಂಬರ್‌ನಲ್ಲಿ ಲಂಡನ್ ಬಿಟ್ಟು ಓಡಿಹೋಗೋವಾಗ ರಾಜಮುದ್ರೆಯನ್ನ ಥೇಮ್ಸ್ ನದಿಗೆ ಎಸೆದ. ಪಾರ್ಲಿಮೆಂಟ್ ಕರೆಯೋಕೆ ಬೇಕಾದ ಆಜ್ಞಾಪತ್ರಗಳನ್ನೂ ಸುಟ್ಟಿದ್ದ. ಮುದ್ರೆ ಇಲ್ದೆ ಸರ್ಕಾರ ನಡೆಯಲ್ಲ, ಎಲ್ಲಾ ಸ್ತಬ್ಧ ಆಗತ್ತೆ, ಆಗ ಮತ್ತೆ ನನ್ನ ಹತ್ರಾನೇ ಬರ್ಬೇಕು ಅನ್ನೋ ಲೆಕ್ಕಾಚಾರ. ನಡೀತಾ? ಸುಮಾರು ಎರಡು ತಿಂಗಳಲ್ಲಿ ಸಿಂಹಾಸನ ಖಾಲಿ ಇದೆ ಅಂತ ಘೋಷಣೆ ಮಾಡಿ ಅವನ ಅಳಿಯ ವಿಲಿಯಂ ಮತ್ತೆ ಮಗಳು ಮೇರಿಯನ್ನ ಕೂರಿಸಿದ್ರು. ಅಧಿಕಾರ ಆ ಲೋಹದ ಬಿಲ್ಲೆಯಲ್ಲಿ ಇರ್ಲಿಲ್ಲ, ಅದನ್ನ ನೋಡಿ ತಲೆ ಬಾಗಿಸೋ ಜನರಲ್ಲಿ ಇತ್ತು. ಈ ಜಾಗದಲ್ಲಿ ಟೀಚರ್ ಇನ್ನೊಂದು ಹತ್ತು ನಿಮಿಷ ನಿಂತಿದ್ರೆ ಏನ್ ಹೋಗ್ತಿತ್ತೋ, ತಕ್ಷಣ ರಾಜನ ಅಧಿಕಾರಕ್ಕೆ ಮಿತಿ ಹಾಕಿದ 1689ರ ಬಿಲ್ ಆಫ್ ರೈಟ್ಸ್‌ನ ಪಾಯಿಂಟ್ ಪಾಯಿಂಟ್ ಆಗಿ ಓದೋಕೆ ಶುರು.

ಫ್ರಾನ್ಸ್ ಪಾಠ ಓಕೆ. 1789ರ ಹಕ್ಕುಗಳ ಘೋಷಣೆಯ ಮೂರನೇ ಕಲಮು, ಸಾರ್ವಭೌಮತ್ವದ ಮೂಲ ರಾಷ್ಟ್ರದಲ್ಲಿದೆ ಅನ್ನೋದು, ಅದೇ ಕೋರ್ಸ್‌ನ ನಡುಗಂಬ, ಅಲ್ಲಿವರೆಗೆ ರಾಜ, ಅಲ್ಲಿಂದ ರಾಷ್ಟ್ರ. 1791ರ ಜೂನ್‌ನಲ್ಲಿ ಹದಿನಾರನೇ ಲೂಯಿ ವೇಷ ಮರೆಸ್ಕೊಂಡು ಪ್ಯಾರಿಸ್‌ನಿಂದ ತಪ್ಪಿಸ್ಕೊಂಡು ವರೆನ್‌ನಲ್ಲಿ ಸಿಕ್ಕಿಬಿದ್ದಿದ್ದನ್ನ ಚೆನ್ನಾಗಿ ಹೇಳಿದ್ದಾರೆ. ರಾಜ ಇಲ್ದೆ ಇದ್ದ ಆ ಕೆಲವು ದಿನ ಅಸೆಂಬ್ಲಿ ಆರಾಮಾಗಿ ಕೆಲಸ ಮಾಡ್ತು, ಮಂತ್ರಿಗಳಿಗೆ ಆದೇಶ ಕೊಡ್ತು, ಆಕಾಶ ಏನೂ ಕಳಚಿ ಬೀಳ್ಲಿಲ್ಲ, ಅದನ್ನ ಜನ ಕಣ್ಣಾರೆ ನೋಡಿದ್ರು. ರಾಜ ಓಡಿಹೋಗಿದ್ದಕ್ಕಿಂತ ದೊಡ್ಡ ಡ್ಯಾಮೇಜ್ ಅದು. ಅಂದ ಹಾಗೆ ರಾಜ್ಯ ಅಂದ್ರೆ ನಾನೇ ಅಂತ ಹದಿನಾಲ್ಕನೇ ಲೂಯಿ ಹೇಳಿದ ಅನ್ನೋ ಫೇಮಸ್ ಡೈಲಾಗ್‌ಗೆ ಆಧಾರ ಇಲ್ಲ ಅಂತ ಇಲ್ಲೇ ಹೇಳ್ತಾರೆ, ಅದು ಸರಿ, ಆದ್ರೆ ಆ ಭಾಗದ ಕ್ವಿಜ್‌ನಲ್ಲಿ ಆ ಮಾತು ಹೇಳಿದ್ಯಾರು ಅಂತ ಕೇಳಿದ್ದಾರೆ, ಸರಿ ಉತ್ತರ ಹದಿನಾಲ್ಕನೇ ಲೂಯಿ ಅಂತೆ. ಪಾಠ ಮಾಡಿದವರೂ ಕ್ವಿಜ್ ಮಾಡಿದವರೂ ಒಬ್ಬರ ಮುಖ ಒಬ್ಬರು ನೋಡಿಲ್ಲ ಅನ್ಸತ್ತೆ.

ಈಗ ಲಿಯೋಪೋಲ್ಡ್. ಬೆಲ್ಜಿಯಂನ ಎರಡನೇ ಲಿಯೋಪೋಲ್ಡ್ ಮೇಲಿನ ಪಾಠ ನೋಡಿ ನಾನು ರಾತ್ರಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ಒಬ್ಬನೇ ಮನುಷ್ಯ, ಎರಡು ಕಿರೀಟ. ಬೆಲ್ಜಿಯಂನಲ್ಲಿ ಅವನು ಸಂವಿಧಾನಕ್ಕೆ ಕಟ್ಟುಬಿದ್ದ ರಾಜ, ಮಂತ್ರಿಯ ಸಹಿ ಇಲ್ದೆ ಅವನ ಒಂದು ಆದೇಶಾನೂ ನಡೆಯಲ್ಲ. 1885ರಿಂದ ಕಾಂಗೋದಲ್ಲಿ ಅದೇ ಮನುಷ್ಯ ಯಾರಿಗೂ ಉತ್ತರ ಕೊಡ್ಬೇಕಿಲ್ಲದ ಸಾರ್ವಭೌಮ, ಪಾರ್ಲಿಮೆಂಟ್ ಇಲ್ಲ, ಸಂವಿಧಾನ ಇಲ್ಲ, ಮಾಲೀಕ. ಬೇರೆ ದೇಶಕ್ಕೂ ರಾಜ ಆಗೋಕೆ ಬೆಲ್ಜಿಯಂ ಪಾರ್ಲಿಮೆಂಟ್ ಹತ್ರ ನಿಯಮದ ಪ್ರಕಾರ ಪರ್ಮಿಷನ್ ತಗೊಂಡಿದ್ದ, ಈ ಎರಡು ರಾಜ್ಯಕ್ಕೂ ಸಂಬಂಧ ಅಂದ್ರೆ ಬರೀ ನನ್ನ ದೇಹ ಅಂತ. ಅಲ್ಲಿ ರಬ್ಬರ್ ಕೋಟಾ ತುಂಬದ ಹಳ್ಳಿಗಳ ಮೇಲೆ ಏನೇನು ನಡೀತು, ಕೈ ಕತ್ತರಿಸಿದ್ದು, ಒತ್ತೆಯಾಳು ಇಟ್ಟಿದ್ದು, ಅದನ್ನ ಟೀಚರ್ ದನಿ ಏರಿಸದೆ ಹೇಳ್ತಾರೆ. 1908ರಲ್ಲಿ ಬೆಲ್ಜಿಯಂ ದೇಶ ಕಾಂಗೋವನ್ನ ಅವನಿಂದ ತಗೊಳ್ತು. ಅಲ್ಲಿಗೆ ಒಂದು ಸಲಾನೂ ಅವನು ಕಾಲಿಟ್ಟಿರ್ಲಿಲ್ಲ.

ಈ ಒಂದು ಉದಾಹರಣೆ ಬೊದಾನ್, ಹಾಬ್ಸ್ ಇಬ್ರಿಗಿಂತ ಜಾಸ್ತಿ ಪಾಠ ಹೇಳತ್ತೆ. ಒಳ್ಳೇ ರಾಜ, ಕೆಟ್ಟ ರಾಜ ಅಂತ ಸ್ವಭಾವದ ಮೇಲೆ ನಾವು ಮಾತಾಡ್ತೀವಲ್ಲ, ಇಲ್ಲಿ ಮನುಷ್ಯ ಅದೇ, ಸ್ವಭಾವ ಅದೇ, ಬದಲಾಗಿದ್ದು ಬೇಡ ಅನ್ನೋಕೆ ಎದುರಿಗೆ ಯಾರಾದ್ರೂ ಇದ್ರಾ ಇಲ್ವಾ ಅನ್ನೋದು ಮಾತ್ರ. ಮತ್ತೆ ಇನ್ನೊಂದು, ಇದು ಟೀಚರ್ ಹೇಳ್ಲಿಲ್ಲ, ನಾನು ಹೇಳ್ತಿದ್ದೀನಿ. ಅವನ ಕಾಂಗೋ ರಾಜ್ಯವನ್ನ ಗುರುತಿಸಿದ್ದು ಆಫ್ರಿಕಾ ಹಂಚ್ಕೊಳ್ಳೋಕೆ ನಿಯಮ ಮಾಡಿದ ಬರ್ಲಿನ್ ಸಮ್ಮೇಳನದ ಹೊತ್ತಿನ ದೊಡ್ಡ ದೊಡ್ಡ ದೇಶಗಳೇ. ಕಾಂಗೋದ ಜನರನ್ನ ಯಾರೂ ಕೇಳಿರ್ಲಿಲ್ಲ. ಸಾರ್ವಭೌಮತ್ವಕ್ಕೆ ಸೀಲು ಹಾಕೋದು ಹೊರಗಿನವರು, ಅನುಭವಿಸೋದು ಒಳಗಿನವರು.

ರಾಜರ ಭಾಗದ ಕೊನೇಲಿ ಇಪ್ಪತ್ತನೇ ಶತಮಾನದ ರಾಜರು ಬರ್ತಾರೆ, ಅಧಿಕಾರ ಎಲ್ಲಾ ಹೋಗಿ ಸಹಿ ಮಾತ್ರ ಉಳ್ಕೊಂಡಿರೋರು. ಇಲ್ಲಿ ಅಪ್ಪಟ ಖುಷಿ ಕೊಡೋ ಕೇಸ್ ಬೆಲ್ಜಿಯಂನದ್ದೇ, 1990. ಗರ್ಭಪಾತದ ಕಾನೂನಿಗೆ ಸಹಿ ಹಾಕೋಕೆ ರಾಜ ಬೋದ್ವ್ಯಾಂ ಅವರ ಮನಸ್ಸಾಕ್ಷಿ ಒಪ್ಪಲ್ಲ, ಪಾರ್ಲಿಮೆಂಟ್ ಪಾಸ್ ಮಾಡಿರೋದನ್ನ ರಾಜ ತಡೆಯೋಕೂ ಆಗಲ್ಲ. ಏನ್ ಮಾಡಿದ್ರು ಅಂದ್ರೆ, ರಾಜರು ಆಳೋಕೆ ಅಸಮರ್ಥರಾಗಿದ್ದಾರೆ ಅಂತ ಸರ್ಕಾರ ಘೋಷಿಸ್ತು, ರಾಜ ಇಲ್ಲದಾಗ ಮಂತ್ರಿಮಂಡಲಕ್ಕೆ ಅಧಿಕಾರ ಬರೋದ್ರಿಂದ ಮಂತ್ರಿಗಳೇ ಸಹಿ ಹಾಕಿದ್ರು, ಎರಡು ದಿನದೊಳಗೆ ಪಾರ್ಲಿಮೆಂಟ್ ಸೇರಿ ರಾಜರು ಈಗ ಸರಿ ಹೋಗಿದ್ದಾರೆ ಅಂತ ವಾಪಸ್ ಕೂರಿಸ್ತು. ಹಾವೂ ಸಾಯ್ಲಿಲ್ಲ ಕೋಲೂ ಮುರೀಲಿಲ್ಲ. 2008ರಲ್ಲಿ ಲಕ್ಸೆಂಬರ್ಗ್‌ನ ದೊರೆ, ಅಂದ್ರೆ ಗ್ರ್ಯಾಂಡ್ ಡ್ಯೂಕ್, ದಯಾಮರಣದ ಕಾನೂನಿಗೆ ಒಪ್ಪಿಗೆ ಕೊಡಲ್ಲ ಅಂದಾಗ ಅಲ್ಲಿನವರು ಇಷ್ಟೆಲ್ಲಾ ನಾಟಕ ಆಡ್ಲಿಲ್ಲ, ಒಪ್ಪಿಗೆ ಕೊಡೋ ಅಧಿಕಾರವನ್ನೇ ಸಂವಿಧಾನದಿಂದ ತೆಗೆದ್ರು, ಈಗ ಡ್ಯೂಕ್ ಬರೀ ಪ್ರಕಟಿಸ್ತಾರೆ. ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿರೋದು ಟೀಚರ್ ಜಾಣತನ.

ಜಪಾನ್ ಇನ್ನೂ ವಿಚಿತ್ರ. 1889ರ ಸಂವಿಧಾನದಲ್ಲಿ ಚಕ್ರವರ್ತಿಯೇ ಸಾರ್ವಭೌಮ, 1947ರದ್ದರಲ್ಲಿ ಸಾರ್ವಭೌಮತ್ವ ಜನರದ್ದು, ಚಕ್ರವರ್ತಿ ಬರೀ ಸಂಕೇತ, ಸರ್ಕಾರಕ್ಕೆ ಸಂಬಂಧಪಟ್ಟ ಅಧಿಕಾರ ಒಂದೂ ಇಲ್ಲ. ಎಷ್ಟು ಇಲ್ಲ ಅಂದ್ರೆ, ಅಕಿಹಿತೋ ಅವರಿಗೆ ವಯಸ್ಸಾಯ್ತು, ಸಾಕು ಅನ್ನಿಸ್ತು, ಆದ್ರೆ ಇಳೀತೀನಿ ಅಂತ ಬಾಯಿಬಿಟ್ಟು ಹೇಳಿದ್ರೆ ಅದೂ ರಾಜಕೀಯದಲ್ಲಿ ಕೈ ಹಾಕಿದ ಹಾಗೆ. 2016ರ ಆಗಸ್ಟ್‌ನಲ್ಲಿ ಟಿವಿಯಲ್ಲಿ ಮಾತಾಡಿ, ವಯಸ್ಸಾದ್ಮೇಲೆ ಈ ಕರ್ತವ್ಯ ಮಾಡೋದು ಹೇಗೆ ಅನ್ನೋ ಯೋಚನೆ ಕಾಡ್ತಿದೆ ಅಂತ ಸುತ್ತಿ ಬಳಸಿ ಹೇಳಿದ್ರು. ಪಾರ್ಲಿಮೆಂಟ್ 2017ರಲ್ಲಿ ಅವರೊಬ್ಬರಿಗೇ ಅಂತ ಸ್ಪೆಷಲ್ ಕಾನೂನು ಮಾಡ್ತು, 2019ರ ಏಪ್ರಿಲ್ 30ಕ್ಕೆ ಇಳಿದ್ರು. ರಿಟೈರ್ ಆಗ್ತೀನಿ ಅನ್ನೋಕೂ ಸ್ವಾತಂತ್ರ್ಯ ಇಲ್ಲದ ಚಕ್ರವರ್ತಿ. ಇದರ ಪಕ್ಕ ಭೂತಾನ್ ಇಡಬಹುದಿತ್ತು, ಅಲ್ಲಿ 2008ರ ಸಂವಿಧಾನ ದೊರೆಗೆ 65 ವರ್ಷಕ್ಕೆ ನಿವೃತ್ತಿ ಅಂತ ಬರೆದೇ ಇಟ್ಟಿದೆ, ಆದ್ರೆ ಭೂತಾನ್ ಹೆಸರೇ ಕೋರ್ಸ್‌ನಲ್ಲಿ ಬರಲ್ಲ.

ಇಷ್ಟಾದ್ಮೇಲೆ ನಾರ್ವೆಯ ಏಳನೇ ಹೊಕೊನ್. ಬರೀ ಸಹಿ ಹಾಕೋ ರಾಜ ಯಾಕೆ ಬೇಕು ಅಂತ ಕೇಳೋರಿಗೆ ಇದನ್ನ ತೋರಿಸ್ಬೇಕು. 1905ರಲ್ಲಿ ನಾರ್ವೆ ಸ್ವೀಡನ್‌ನಿಂದ ಬೇರೆ ಆಗಿ ಈ ಡೆನ್ಮಾರ್ಕ್ ರಾಜಕುಮಾರನನ್ನ ಕರೆದಾಗ, ಮೊದಲು ಜನ ವೋಟ್ ಹಾಕ್ಲಿ, ಆಮೇಲೆ ಬರ್ತೀನಿ ಅಂದಿದ್ದ. 1940ರ ಏಪ್ರಿಲ್‌ನಲ್ಲಿ ಜರ್ಮನಿ ನುಗ್ಗಿ, ತನ್ನ ಪರ ಇದ್ದ ನಾರ್ವೆಯ ನಾಜಿ ನಾಯಕ ಕ್ವಿಸ್ಲಿಂಗ್‌ನನ್ನ ಪ್ರಧಾನಿ ಮಾಡು ಅಂತ ಒತ್ತಡ ಹಾಕ್ತು. ತನ್ನ ಸರ್ಕಾರದ ಮುಂದೆ ಹೊಕೊನ್ ಹೇಳಿದ್ದು ಇಷ್ಟೇ, ತೀರ್ಮಾನ ನಿಮ್ಮದು, ನೀವು ಒಪ್ಪಿದ್ರೆ ನಾನು ಅಡ್ಡ ಬರಲ್ಲ, ಆದ್ರೆ ನಾನು ಈ ನೇಮಕ ಮಾಡೋನಲ್ಲ, ಕಿರೀಟ ಬಿಡ್ತೀನಿ. ಸರ್ಕಾರ ಒಪ್ಲಿಲ್ಲ. ಅಧಿಕಾರ ಇಲ್ಲದವನು ಅಧಿಕಾರ ಚಲಾಯಿಸ್ದೇನೇ ಇಡೀ ದೇಶದ ನಿಲುವು ಗಟ್ಟಿ ಮಾಡಿದ. ಜೂನ್ 7ಕ್ಕೆ ಟ್ರೊಮ್ಸೋದಿಂದ ಹಡಗು ಹತ್ತಿ ಬ್ರಿಟನ್‌ಗೆ ಹೋದವನು ವಾಪಸ್ ಬಂದಿದ್ದು 1945ರ ಜೂನ್ 7ಕ್ಕೆ. ಐದು ವರ್ಷ ನಾರ್ವೆ ನೆಲದ ಮೇಲೆ ಜರ್ಮನ್ನರು, ನಾರ್ವೆಯ ಸಾರ್ವಭೌಮತ್ವ ಲಂಡನ್ನಿನ ಆಫೀಸ್ ರೂಮುಗಳಲ್ಲಿ. ನೆಲ ಹೋದ್ರೂ ಅದು ಹೋಗಲ್ಲ ಅನ್ನೋದನ್ನ ಇದಕ್ಕಿಂತ ಚೆನ್ನಾಗಿ ಹೇಳೋಕಾಗಲ್ಲ.

ಇಲ್ಲಿವರೆಗೆ ಹೊಗಳಿದ್ದಾಯ್ತು. ಗಮನಿಸಿ, ಈ ಎಲ್ಲಾ ಪಾಠದಲ್ಲೂ ಒಂದೇ ಪ್ರಶ್ನೆ, ಜಗಳ ಬಂದಾಗ ಕೊನೇ ಮಾತು ಯಾರದ್ದು, ಅದನ್ನ ಕೇಳೋರು ಯಾರು. ಎರಡನೇ ಅರ್ಧ, ಅಂದ್ರೆ ರಾಷ್ಟ್ರಗಳ ಭಾಗ ಶುರುವಾದ ತಕ್ಷಣ ಆ ಪ್ರಶ್ನೆಯನ್ನ ಬಾಗಿಲ ಹೊರಗೆ ನಿಲ್ಸಿ ಬಂದಿದ್ದಾರೆ. ಟೀಚರ್ ಕೂಡ ಬದಲಾಗ್ತಾರೆ, ದನಿ ಒಂದೇ ಸಮ, ಮೈಕ್ ಡಬ್ಬದೊಳಗಿಂದ ಬಂದ ಹಾಗೆ, ಸ್ಲೈಡ್ ತುಂಬಾ ಅಕ್ಷರ, ಅದನ್ನೇ ಓದೋದು.

ವೆಸ್ಟ್‌ಫೇಲಿಯಾದಿಂದ ಶುರು, ಹಾಗೆ ಶುರು ಮಾಡೋದು ಎಲ್ಲರಿಗೂ ಅಭ್ಯಾಸ. 1648ರಲ್ಲಿ ಒಪ್ಪಂದ ಆಯ್ತು, ಅವತ್ತಿಂದ ಸಮಾನ ಸಾರ್ವಭೌಮ ರಾಷ್ಟ್ರಗಳ ಜಗತ್ತು ಶುರುವಾಯ್ತು ಅಂತ ಒಂದೇ ಸ್ಲೈಡ್. ಮೂವತ್ತು ವರ್ಷದ ಯುದ್ಧ ಮುಗಿಸಿದ ಆ ಒಪ್ಪಂದಗಳಲ್ಲಿ ಅಂಥ ಸಿದ್ಧಾಂತ ಎಲ್ಲೂ ಬರೆದಿಲ್ಲ. ಜರ್ಮನ್ ರಾಜಕುಮಾರರಿಗೆ ಹೊರಗಿನವರ ಜೊತೆ ಮೈತ್ರಿ ಮಾಡ್ಕೊಳ್ಳೋ ಹಕ್ಕು ಸಿಕ್ತು ನಿಜ, ಆದ್ರೆ ಪವಿತ್ರ ರೋಮನ್ ಸಾಮ್ರಾಜ್ಯ ಮತ್ತೆ ಅದರ ಚಕ್ರವರ್ತಿಯ ವಿರುದ್ಧ ಅಲ್ಲ ಅನ್ನೋ ಷರತ್ತಿನ ಮೇಲೆ, ಮತ್ತೆ ಆ ಸಾಮ್ರಾಜ್ಯ 1806ರವರೆಗೆ ಬದುಕಿತ್ತು. ಇದನ್ನ ಇತಿಹಾಸಕಾರರು ಸುಮಾರು ವರ್ಷದಿಂದ ಹೇಳ್ತಾನೇ ಇದ್ದಾರೆ. ಮೊದಲರ್ಧದಲ್ಲಿ ಲೂಯಿ ಡೈಲಾಗ್ ಸುಳ್ಳು ಅಂತ ಹೇಳಿದ ಟೀಮ್‌ಗೆ ಇದು ಗೊತ್ತಿಲ್ವಾ?

ಮುಂದಿನದು 1933ರ ಮಾಂಟೆವಿಡಿಯೋ ಒಪ್ಪಂದ, ರಾಷ್ಟ್ರಕ್ಕೆ ನಾಲ್ಕು ಲಕ್ಷಣ, ಕಾಯಂ ಜನಸಂಖ್ಯೆ, ಗೊತ್ತಾದ ಗಡಿ ಇರೋ ನೆಲ, ಸರ್ಕಾರ, ಬೇರೆ ದೇಶಗಳ ಜೊತೆ ವ್ಯವಹಾರ ಮಾಡೋ ಸಾಮರ್ಥ್ಯ. ಬಾಯಿಪಾಠ ಮಾಡಿ, ಕ್ವಿಜ್ ಬರೆಯಿರಿ, ಮುಂದೆ ಹೋಗಿ. ಅರೆ, ಅಸಲಿ ಮಜಾ ಇರೋದೇ ಈ ಪಟ್ಟಿಯ ಲೆಕ್ಕಕ್ಕೆ ಸಿಗದ ಕೇಸ್‌ಗಳಲ್ಲಿ. 1991ರಲ್ಲಿ ಸೊಮಾಲಿಯಾದಿಂದ ಬೇರೆ ಆದ್ವಿ ಅಂತ ಘೋಷಿಸಿದ ಸೊಮಾಲಿಲ್ಯಾಂಡ್‌ಗೆ ತನ್ನದೇ ಸರ್ಕಾರ, ಸೈನ್ಯ, ಕರೆನ್ಸಿ, ಪಾಸ್‌ಪೋರ್ಟ್, ಚುನಾವಣೆ ಎಲ್ಲಾ ಇದೆ, ವಿಶ್ವಸಂಸ್ಥೆಯಲ್ಲಿ ಕುರ್ಚಿ ಇಲ್ಲ. ಇನ್ನೊಂದು ಕಡೆ ಮಾಲ್ಟಾದ ಸಾರ್ವಭೌಮ ಸೈನಿಕ ಸಂಘ ಅನ್ನೋ ಕ್ಯಾಥೊಲಿಕ್ ನೈಟ್‌ಗಳ ಹಳೇ ಸಂಘಟನೆ, 1798ರಲ್ಲಿ ನೆಪೋಲಿಯನ್ ದ್ವೀಪ ಕಿತ್ಕೊಂಡ್ಮೇಲೆ ಆಳೋಕೆ ನೆಲಾನೇ ಇಲ್ಲ, ರೋಮ್‌ನಲ್ಲಿ ಕಟ್ಟಡಗಳಿವೆ ಅಷ್ಟೇ, ಆದ್ರೂ ನೂರಕ್ಕೂ ಹೆಚ್ಚು ದೇಶಗಳ ಜೊತೆ ರಾಜತಾಂತ್ರಿಕ ಸಂಬಂಧ, ಸ್ವಂತ ಪಾಸ್‌ಪೋರ್ಟ್, 1994ರಿಂದ ವಿಶ್ವಸಂಸ್ಥೆಯಲ್ಲಿ ವೀಕ್ಷಕ ಸ್ಥಾನ. ಅಂಡೋರಾಗೆ ಇಬ್ಬರು ರಾಜರು, ಒಬ್ಬರು ಸ್ಪೇನ್‌ನ ಉರ್ಜೆಲ್ ಬಿಷಪ್, ಇನ್ನೊಬ್ಬರು ಫ್ರಾನ್ಸ್ ಅಧ್ಯಕ್ಷರು, ಅಂದ್ರೆ ರಾಜನ ತಲೆ ಕಡಿದ ಗಣರಾಜ್ಯ ವೋಟ್ ಹಾಕಿ ಪಕ್ಕದ ದೇಶಕ್ಕೆ ರಾಜನನ್ನ ಆರಿಸಿ ಕೊಡತ್ತೆ! ಇದೊಂದೂ ಕೋರ್ಸ್‌ನಲ್ಲಿಲ್ಲ. ಪಿಡಿಎಫ್ ಅಡಿಟಿಪ್ಪಣಿಯಲ್ಲೂ ಇಲ್ಲ.

ಹೇಟಿಯ ವಿಷಯ ಇಲ್ಲದಿರೋದಕ್ಕೆ ಮಾತ್ರ ನಿಜವಾಗ್ಲೂ ಸಿಟ್ಟು ಬಂತು. ಗುಲಾಮರು ಫ್ರಾನ್ಸ್ ವಿರುದ್ಧ ಎದ್ದು ನಿಂತು ಗೆದ್ದು 1804ರಲ್ಲಿ ಸ್ವತಂತ್ರರಾದ ದೇಶ. 1825ರಲ್ಲಿ ಫ್ರಾನ್ಸ್ ರಾಜ ಹತ್ತನೇ ಚಾರ್ಲ್ಸ್ ಯುದ್ಧನೌಕೆಗಳ ಜೊತೆ ಒಂದು ಆದೇಶ ಕಳಿಸಿದ, 15 ಕೋಟಿ ಫ್ರಾಂಕ್ ಕಟ್ಟಿದ್ರೆ ನಿಮ್ಮ ಸ್ವಾತಂತ್ರ್ಯ ಒಪ್ತೀವಿ ಅಂತ. ಆ ದುಡ್ಡು ಯಾರಿಗೆ, ತೋಟ ಕಳ್ಕೊಂಡ ಹಳೇ ಮಾಲೀಕರಿಗೆ. ಮೊದಲ ಕಂತು ಕಟ್ಟೋಕೇ ಫ್ರಾನ್ಸ್‌ನಲ್ಲೇ ಸಾಲ ಎತ್ತಬೇಕಾಯ್ತು. 1838ರಲ್ಲಿ ಮೊತ್ತವನ್ನ ಇಳಿಸಿದ್ರು, ಸಾಲದ ಬಾಲ ಮಾತ್ರ ಇಪ್ಪತ್ತನೇ ಶತಮಾನದವರೆಗೂ ಬಂತು. ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರಲ್ಲ, ರಕ್ತ ಸುರಿಸಿ ಗೆದ್ದಿದ್ದನ್ನೇ ಮತ್ತೆ ದುಡ್ಡು ಕೊಟ್ಟು ಕೊಂಡ್ಕೋಬೇಕಾಯ್ತು. ರಾಷ್ಟ್ರಗಳು ಕಾನೂನಿನ ಮುಂದೆ ಸಮಾನ ಅನ್ನೋ ಸ್ಲೈಡ್ ಹಾಕೋವಾಗ ಇದನ್ನ ಹೇಳ್ದೇ ಇರೋದು ಹೇಗೆ ಸಾಧ್ಯ.

ಬ್ರಿಟಿಷ್ ಆಳ್ವಿಕೆಯ ಭಾರತದ ಸಂಸ್ಥಾನಗಳೂ ಹೀಗೇ ಒಂದು ಸಾಲಲ್ಲಿ ಮುಗಿದುಹೋಗಿವೆ. ಐನೂರಕ್ಕೂ ಹೆಚ್ಚು ರಾಜರು, ಸಿಂಹಾಸನ, ತೋಪಿನ ಮರ್ಯಾದೆ ಎಲ್ಲಾ ಇತ್ತು, ಕೊನೇ ಮಾತು ಮಾತ್ರ ಬ್ರಿಟಿಷರದ್ದು. ಆ ಪರಮಾಧಿಕಾರದ ಮಿತಿ ಏನು ಅಂತ ಬರೆದು ಕೊಡಿ ಅಂತ ರಾಜರು ಕೇಳಿದಾಗ 1929ರಲ್ಲಿ ಬಟ್ಲರ್ ಸಮಿತಿ ಕೊಟ್ಟ ಉತ್ತರ, ಪರಮಾಧಿಕಾರ ಪರಮವಾಗಿಯೇ ಇರಬೇಕು. ಅಷ್ಟೇ! ಮಿತಿ ಬರೆದ್ರೆ ತಾನೇ ಮೀರಿದ್ರು ಅನ್ನೋಕಾಗೋದು. ಸಾರ್ವಭೌಮತ್ವದ ಬಗ್ಗೆ ಇಷ್ಟು ನಾಚಿಕೆ ಬಿಟ್ಟು, ಇಷ್ಟು ನೇರವಾಗಿ ಹೇಳಿರೋ ಸರ್ಕಾರಿ ವಾಕ್ಯ ನಾನಂತೂ ಇನ್ನೊಂದು ನೋಡಿಲ್ಲ.

ಎರಡನೇ ಅರ್ಧದಲ್ಲಿ ಉಳಿಯೋದು ಒಂದೇ ಪಾಠ, ಹವಾಯಿ. ಇಲ್ಲಿ ಮಾತ್ರ ಹಳೇ ಟೀಚರ್ ವಾಪಸ್ ಬಂದ ಹಾಗಾಯ್ತು. 1843ರಲ್ಲಿ ಬ್ರಿಟನ್ ಮತ್ತೆ ಫ್ರಾನ್ಸ್ ಒಟ್ಟಿಗೆ ಹವಾಯಿ ಸ್ವತಂತ್ರ ರಾಜ್ಯ ಅಂತ ಘೋಷಣೆ ಮಾಡಿದ್ವು, ಒಪ್ಪಂದಗಳು, ಕಾನ್ಸುಲ್‌ಗಳು, ಕಾಗದ ಪತ್ರ ಎಲ್ಲಾ ಪಕ್ಕಾ. 1893ರ ಜನವರಿಯಲ್ಲಿ ಅಲ್ಲಿನ ಶ್ರೀಮಂತ ವ್ಯಾಪಾರಿಗಳು, ತೋಟದ ಧಣಿಗಳ ಒಂದು ಗುಂಪು, ದಡಕ್ಕಿಳಿದ ಅಮೆರಿಕದ ನೌಕಾಸೈನಿಕರ ನೆರಳಲ್ಲಿ ರಾಣಿ ಲಿಲಿಯುಒಕಲಾನಿಯನ್ನ ಇಳಿಸಿದ್ರು. ರಾಣಿ ಬರೆದ ಪತ್ರವನ್ನ ಟೀಚರ್ ಸಾಲು ಸಾಲಾಗಿ ಬಿಡಿಸ್ತಾರೆ. ಆಕೆ ಶರಣಾಗಿದ್ದು ಎದುರಿಗೆ ನಿಂತಿದ್ದ ಹೊಸ ಸರ್ಕಾರಕ್ಕಲ್ಲ, ಅಮೆರಿಕ ಸಂಯುಕ್ತ ಸಂಸ್ಥಾನದ ಮೇಲುಗೈಯ ಬಲಕ್ಕೆ, ಅದೂ ಆ ದೇಶ ಸತ್ಯಾಂಶ ನೋಡಿ ತನ್ನ ಪ್ರತಿನಿಧಿ ಮಾಡಿದ್ದನ್ನ ರದ್ದು ಮಾಡಿ ರಾಣಿಯನ್ನ ವಾಪಸ್ ಕೂರಿಸೋವರೆಗೆ ಅಂತ. ಎಂಥಾ ಬುದ್ಧಿ ನೋಡಿ, ಸೋಲ್ತಿರೋ ಗಳಿಗೇಲೂ ಯಾರ ಮುಂದೆ ಸೋತೆ ಅನ್ನೋದನ್ನ ತಾನೇ ತೀರ್ಮಾನ ಮಾಡಿದ್ದು. ಪ್ರಯೋಜನ ಆಗ್ಲಿಲ್ಲ, 1898ರಲ್ಲಿ ಅಮೆರಿಕ ದ್ವೀಪಗಳನ್ನ ಸೇರಿಸ್ಕೊಳ್ತು. ಆದ್ರೆ 1993ರಲ್ಲಿ ಅಮೆರಿಕದ ಕಾಂಗ್ರೆಸ್ ಕ್ಷಮೆ ಕೇಳೋ ನಿರ್ಣಯ ಪಾಸ್ ಮಾಡಿದಾಗ ಅದರೊಳಗೆ ಆ ಪತ್ರದ ಮಾತುಗಳನ್ನೇ ಹಾಕ್ಕೊಂಡಿದೆ. ನೂರು ವರ್ಷ ಆದ್ಮೇಲೆ ಎದುರಾಳಿಯ ದಾಖಲೆಯೊಳಗೆ ಆಕೆಯ ವಾಕ್ಯ.

ವಿಶ್ವಸಂಸ್ಥೆ ಪಾಠ ಸ್ಕಿಪ್ ಮಾಡಿ. 1945ರಲ್ಲಿ 51 ಸದಸ್ಯರು, ಈಗ 193, ಎಲ್ಲರೂ ಸಮಾನ, ಯಾರ ಮನೆ ವಿಷಯಕ್ಕೂ ಯಾರೂ ಕೈ ಹಾಕೋ ಹಾಗಿಲ್ಲ, ಇಷ್ಟು ಹೇಳಿ ಭದ್ರತಾ ಮಂಡಳಿಯಲ್ಲಿ ಐದು ದೇಶಕ್ಕೆ ವೀಟೋ ಇದೆ ಅನ್ನೋದನ್ನ ಬೇರೆ ಸ್ಲೈಡ್‌ನಲ್ಲಿ ಹಾಕಿದ್ದಾರೆ. ಎರಡನ್ನೂ ಒಂದೇ ಸ್ಲೈಡ್‌ನಲ್ಲಿ ಹಾಕೋ ಧೈರ್ಯ ಮಾಡಿದ್ರೆ ಪಾಠ ತಾನಾಗೇ ಆಗ್ತಿತ್ತು. ಸಾಲ, ಕರೆನ್ಸಿ, ಯೂರೋಪಿಯನ್ ಯೂನಿಯನ್, ಇವೆಲ್ಲಾ ಒಂದೇ ವಿಡಿಯೋದಲ್ಲಿ ಗಡಿಬಿಡಿ. ಎಕ್ವಡಾರ್ 2000ದಲ್ಲಿ ತನ್ನ ನೋಟು ಬಿಟ್ಟು ಅಮೆರಿಕದ ಡಾಲರ್‌ನೇ ಕರೆನ್ಸಿ ಮಾಡ್ಕೊಳ್ತು ಅಂತ ಹೇಳ್ತಾರೆ, ಹಾಗಾದ್ರೆ ಬಡ್ಡಿ ದರದ ಕೊನೇ ಮಾತು ಯಾರ ಕೈಗೆ ಹೋಯ್ತು ಅಂತ ಕೇಳೋದೇ ಇಲ್ಲ.

ತಾಂತ್ರಿಕ ವಿಷಯ ಸ್ವಲ್ಪ. ಸಬ್‌ಟೈಟಲ್ ಮಷಿನ್ ಹಾಕಿದ್ದು, ಹೆಸರುಗಳೆಲ್ಲಾ ಎಡವಟ್ಟು, ಬೊದಾನ್ ಪ್ರತಿ ಸಲ ಬೇರೆ ಬೇರೆ ಮನುಷ್ಯ ಆಗ್ತಾನೆ. ಮ್ಯಾಪ್‌ಗಳು ಸೂಪರ್, ಅದರಲ್ಲೂ ಪವಿತ್ರ ರೋಮನ್ ಸಾಮ್ರಾಜ್ಯದ ಮ್ಯಾಪ್ ಜೂಮ್ ಮಾಡಿ ನೋಡಿ, ಚೂರು ಚೂರು. ಮೊಬೈಲ್‌ನಲ್ಲಿ ಪಿಡಿಎಫ್ ಓದೋಕಾಗಲ್ಲ, ಅಕ್ಷರ ಹೊರಗೆ ಓಡತ್ತೆ. ಲೂಯಿ ಕ್ವಿಜ್ ಬಗ್ಗೆ ಸಪೋರ್ಟ್‌ಗೆ ಬರೆದೆ, ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಅಂತ ಉತ್ತರ ಬಂತು, ಪ್ರಶ್ನೆ ಹಾಗೇ ಇದೆ. ಸರ್ಟಿಫಿಕೇಟ್ ಬೇಕು ಅಂದ್ರೆ ತಪ್ಪು ಉತ್ತರಾನೇ ಟಿಕ್ ಮಾಡ್ಬೇಕು.

ಯಾರಿಗೆ ಒಪ್ಪತ್ತೆ ಅಂದ್ರೆ, ಇತಿಹಾಸ ಕಥೆ ಥರ ಕೇಳೋಕೆ ಇಷ್ಟ ಇರೋರು ಕಣ್ಮುಚ್ಚಿ ತಗೊಳ್ಳಿ. ಪರೀಕ್ಷೆಗೆ ಓದೋರಿಗೆ ಎರಡನೇ ಅರ್ಧದ ಸ್ಲೈಡ್‌ಗಳು ಉಪಯೋಗಕ್ಕೆ ಬರಬಹುದು, ವೆಸ್ಟ್‌ಫೇಲಿಯಾ ಸ್ಲೈಡ್ ಬಿಟ್ಟು. ಅಂತರರಾಷ್ಟ್ರೀಯ ಕಾನೂನು ಆಗ್ಲೇ ಗೊತ್ತಿರೋರಿಗೆ ಬೋರ್ ಆಗತ್ತೆ. ಮೊದಲ ಎರಡು ವಿಡಿಯೋ ಬಿಟ್ಟು ಸೀದಾ ಚಾರ್ಲ್ಸ್ ವಿಚಾರಣೆಯಿಂದ ಶುರು ಮಾಡಿ, ನಾರ್ವೆವರೆಗೆ ಬಿಡದೆ ನೋಡಿ, ಅಲ್ಲಿಂದ ಜಂಪ್ ಮಾಡಿ ಹವಾಯಿ. ಬೊದಾನ್ ಪಾಠ ಆಮೇಲೆ ನೋಡಿದ್ರೂ ನಡೆಯತ್ತೆ, ಆಗಲೇ ಅದು ಸರಿಯಾಗಿ ಅರ್ಥ ಆಗೋದು. ಹೊಸ ವರ್ಷನ್ ಬರ್ತಿದೆ ಅಂತ ಪೇಜ್ ಮೇಲೆ ಬರೆದಿದ್ದಾರೆ, ಹೇಟಿ ಸೇರಿಸಿದ್ರೆ ಅರ್ಧ ಸ್ಟಾರ್ ಜಾಸ್ತಿ ಮಾಡ್ತೀನಿ.